ಹಗಲು ಹೊತ್ತಿನ ಅತ್ತೆ

ಮೂರನೇ ಮಹಡಿಯ ಅಕ್ಕನಿಗೆ ತನ್ನ ಮಗು, ಇನ್ನೊಬ್ಬರ ಮಗು ಅನ್ನುವ ಭೇದವೇ ಇಲ್ಲ ಎಂದು ಆ ಕಟ್ಟಡದವರೆಲ್ಲ ಹೇಳುತ್ತಿದ್ದರು. ಲಿಫ್ಟಿನಲ್ಲಿ ಹೇಳುತ್ತಿದ್ದರು, ಕಸದ ಡಬ್ಬಿಯ ಹತ್ತಿರ ನಿಂತು ಹೇಳುತ್ತಿದ್ದರು, ಅವಳ ಬೆನ್ನ ಹಿಂದೆಯೂ ಹೇಳುತ್ತಿದ್ದರು. ಬೆನ್ನ ಹಿಂದೆ ಒಳ್ಳೆಯ ಮಾತು ಕೇಳಿಬರುವ ಯೋಗ ಎಲ್ಲರಿಗೂ ಇರುವುದಿಲ್ಲ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳು ಕೇಳಿಸದವಳ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದಳು, ಒಳಗೆ ಮಾತ್ರ ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು. ಆ ಹಿಗ್ಗು ಅವಳ ಕಣ್ಣು ಕಟ್ಟಿತು ಅಂದರೆ ತಪ್ಪಾಗಲಾರದು.

ಅವಳ ಕೆಲಸ ಮಗು ನೋಡಿಕೊಳ್ಳುವುದು. ಒಂದನೇ ಮಹಡಿಯಲ್ಲಿರುವ ಔಷಧಿ ಅಂಗಡಿಯಾಕೆ ಬೆಳಿಗ್ಗೆ ಮಗನನ್ನು ತಂದು ಒಪ್ಪಿಸಿ ಹೋದರೆ ಮತ್ತೆ ಮುಖ ಕಾಣಿಸುವುದು ಸಂಜೆ, ದೀಪ ಹಾಕುವ ಹೊತ್ತಿಗೆ. ಆಕೆಯ ಗಂಡನಿಗೆ ದೂರದೂರಿನಲ್ಲಿ ಕೆಲಸ, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅಕ್ಕನಿಗೂ ಒಬ್ಬಳೇ ಮಗಳು, ಆ ಹುಡುಗನಿಗಿಂತ ವರ್ಷದಷ್ಟು ದೊಡ್ಡವಳು. ಹೇಗಿದ್ದರೂ ಒಂದನ್ನು ನೋಡಿಕೊಂಡು ಮನೆಯಲ್ಲೇ ಇದ್ದೀಯಲ್ಲ, ಜೊತೆಗೆ ಇನ್ನೊಂದು ಇದ್ದರೆ ಏನು ಭಾರ ಎಂದು ನೆಂಟರು ಹೇಳಿದ್ದರು. ಹೇಳುವವರಿಗೇನು, ಹೇಳಿ ಕೈ ಒರೆಸಿಕೊಂಡು ಹೋಗುತ್ತಾರೆ. ಎರಡು ಮಗುವಿಗೆ ಒಟ್ಟಿಗೇ ಹಸಿವಾಗುವುದು, ಒಟ್ಟಿಗೇ ಚಡ್ಡಿ ಒದ್ದೆಯಾಗುವುದು ಮಾಡಿದವರಿಗೆ ಮಾತ್ರ ಗೊತ್ತು.

ಅವಳ ಗಂಡ ಕಿಟಕಿಗಳಿಗೆ ಗಾಜು ಕೂರಿಸುವವನು. ಕೆಲಸದಲ್ಲಿ ಮಿಕ್ಕ ತುಂಡುಗಳನ್ನು ಮನೆಗೆ ತಂದು ಹಾಕಿ ಹಾಕಿ, ಅವರ ಮುಂದಿನ ಕೋಣೆಯ ಕಿಟಕಿಯಲ್ಲಿ ಒಂದೊಂದು ಚೌಕಕ್ಕೆ ಒಂದೊಂದು ಬಗೆಯ ಗಾಜು ಕೂತಿತ್ತು. ಒಂದರಲ್ಲಿ ನೋಡಿದರೆ ರಸ್ತೆ ನೇರ, ಪಕ್ಕದ್ದರಲ್ಲಿ ನೋಡಿದರೆ ರಸ್ತೆ ಡೊಂಕು. ಮಕ್ಕಳಿಬ್ಬರಿಗೂ ಅಡ್ಡಹೆಸರು ಇಟ್ಟವನೂ ಅವನೇ. ಮಗಳು ಹುಟ್ಟಿದಾಗಿನ ಗಾತ್ರ ನೋಡಿ ಬಟಾಣಿ ಅಂದ, ಅದೇ ನಿಂತಿತು. ಹುಡುಗ ಬಂದ ಮೊದಲ ದಿನವೇ ದಿಂಬಿಗೆ ಒರಗಿ, ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು, ಮನೆಯವರನ್ನೆಲ್ಲ ವಿಚಾರಿಸಿಕೊಳ್ಳಲು ಬಂದವನ ಹಾಗೆ ಕೂತಿದ್ದ. ದೊರೆ ಚಿತ್ತೈಸಿದ್ದಾರೆ, ಕಪ್ಪಕಾಣಿಕೆ ಏನಿದೆಯೋ ನೋಡು ಎಂದು ಗಂಡ ಅಂದ. ಅಂದಿನಿಂದ ಅವನು ದೊರೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ದೊರೆಗೆ ಮಾತು ಬರತೊಡಗಿದ ಕಾಲದಲ್ಲಿ ಒಂದು ಸಂಜೆ ಔಷಧಿ ಅಂಗಡಿಯಾಕೆ ಎಂದಿನಂತೆ ಬಂದು ಮಗನನ್ನು ಎತ್ತಿಕೊಂಡಳು. ಅವನು ಅವಳ ಹೆಗಲ ಮೇಲಿಂದ ಅಕ್ಕನ ಕಡೆಗೆ ಕೈಚಾಚಿ, ಸ್ಪಷ್ಟವಾಗಿ, "ಅಮ್ಮ" ಅಂದ. ಔಷಧಿ ಅಂಗಡಿಯಾಕೆ ನಕ್ಕಳು, ಮಕ್ಕಳೇ ಹಾಗೆ ಅಂದಳು, ಮಗನ ಕೈಯಲ್ಲಿ ಟಾಟಾ ಮಾಡಿಸಿ ಹೊರಟಳು. ಹಾಲಿನ ಬಾಟಲಿ ಇಲ್ಲೇ ಉಳಿಯಿತಲ್ಲ ಎಂದು ಅಕ್ಕ ಹಿಂದೆಯೇ ಹೋಗಿ ಮೆಟ್ಟಿಲಿನಿಂದ ಬಗ್ಗಿ ನೋಡಿದರೆ, ಆಕೆ ತಿರುವಿನಲ್ಲಿ ಕೂತುಬಿಟ್ಟಿದ್ದಳು. ಮಗನನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬಿಕ್ಕುತ್ತಿದ್ದಳು. ಅಕ್ಕ ಬಾಟಲಿ ಹಿಡಿದುಕೊಂಡು ಸದ್ದಿಲ್ಲದೆ ವಾಪಸು ಬಂದಳು.

ಒಂದು ಮಗುವಿನ ಬಾಯಿಂದ ಅದರ ಹೆತ್ತವಳ ಹೆಸರನ್ನು ಕಿತ್ತುಕೊಂಡ ಪಾಪ ತನ್ನದು ಅನ್ನಿಸಿತು ಅವಳಿಗೆ. ಊಟ ಸೇರಲಿಲ್ಲ. ಮರುದಿನವೇ ಮನೆಯಲ್ಲಿ ಒಂದು ಕಾನೂನು ಹೊರಬಿತ್ತು. ದೊರೆ ಅವಳನ್ನು ಅಮ್ಮ ಅನ್ನಕೂಡದು. ಹಾಗಾದರೆ ಏನನ್ನಬೇಕು? ಆಂಟಿ ಅನ್ನಲಿ ಎಂದ ಗಂಡ. ಬೀದಿಯಲ್ಲಿ ಹೋಗುವವರೆಲ್ಲ ಆಂಟಿ, ಮನೆಯವಳೂ ಆಂಟಿಯೇ ಎಂದು ಅವಳು ಮೂಗು ಮುರಿದಳು. ದೊಡ್ಡಮ್ಮ, ಚಿಕ್ಕಮ್ಮ ಬೇಡವೇ ಬೇಡ. ಈ ವಯಸ್ಸಿನ ಮಕ್ಕಳು ಮಾತಿನ ತಲೆ ಕಚ್ಚಿ ಬಿಸಾಡಿ ಬಾಲ ಇಟ್ಟುಕೊಳ್ಳುತ್ತವೆ, ಎರಡು ದಿನದಲ್ಲಿ ಮತ್ತೆ ಅಮ್ಮನೇ ಆಗುತ್ತದೆ. ಕೊನೆಗೆ ಅತ್ತೆ ಅನ್ನುವುದೇ ಸರಿ ಎಂದು ತೀರ್ಮಾನವಾಯಿತು. ಬಾಯಿಗೆ ಸುಲಭ, ಅಮ್ಮನ ಸುಳಿವಿಲ್ಲ.

ಆದರೆ ಮನೆಯಲ್ಲಿ ಬಟಾಣಿ ಇದ್ದಳಲ್ಲ. ಅವಳು ಹೊತ್ತು ಮೂಡಿದರೆ ಅಮ್ಮಾ, ಮುಳುಗಿದರೆ ಅಮ್ಮಾ. ಅವಳು ಅಂದದ್ದನ್ನೇ ದೊರೆ ಅನ್ನುವುದು. ಹಾಗಾಗಿ ಕಾನೂನು ಅವಳಿಗೂ ಅನ್ವಯಿಸಿತು. ದೊರೆ ಮನೆಯಲ್ಲಿ ಇರುವಷ್ಟು ಹೊತ್ತೂ ಅವಳಿಗೂ ಇವಳು ಅತ್ತೆ. ಸಂಜೆ ದೊರೆಯ ಅಮ್ಮ ಬಂದು ಅವನನ್ನು ಕರೆದುಕೊಂಡು ಹೋದಮೇಲೆ ಇವಳು ಬಟಾಣಿಯ ಅಮ್ಮ. ಯಾರೂ ಅಕ್ಕನಿಗೆ ಹೀಗೆ ಮಾಡು ಎಂದಿರಲಿಲ್ಲ, ಔಷಧಿ ಅಂಗಡಿಯಾಕೆಯಂತೂ ಬಾಯಿಬಿಟ್ಟು ಒಂದು ಮಾತು ಆಡಿರಲಿಲ್ಲ. ತಾನೇ ತಲೆಗೆ ಕಟ್ಟಿಕೊಂಡದ್ದು, ತಾನೇ ಮಗಳ ತಲೆಗೂ ಕಟ್ಟಿದ್ದು.

ಗಮನವಿಟ್ಟು ನೋಡಿದರೆ ತಿಳಿಯುತ್ತದೆ, ನಮ್ಮ ಬಾಯಲ್ಲಿ ಅಮ್ಮ ಎಷ್ಟು ಸಲ ಬರುತ್ತಾಳೆ ಎಂದು. ಎಡವಿದರೆ ಅಮ್ಮಾ, ಸುಸ್ತಾಗಿ ಕೂತರೆ ಅಮ್ಮಾ, ಬಾರಮ್ಮಾ, ಹೋಗಮ್ಮಾ, ಸುಮ್ಮನಿರಮ್ಮಾ. ಅಕ್ಕ ಎಲ್ಲಕ್ಕೂ ಬೀಗ ಹಾಕಿದಳು. ಕಾಲ್ಬೆರಳು ಸ್ಟೂಲಿಗೆ ತಾಗಿ ಜೀವ ಹೋದಂತಾದರೂ ಅಯ್ಯೋ ಅಂದಾಳೇ ಹೊರತು ಅಮ್ಮಾ ಅನ್ನಳು. ತರಕಾರಿಯವನಿಗೆ, ಏನಮ್ಮಾ ಬೇಕು ಅನ್ನಬೇಡ, ಅಕ್ಕಾ ಅನ್ನು ಎಂದು ಪಾಠ ಮಾಡಿದಳು. ಅವನು ತಕ್ಕಡಿ ಹಿಡಿದುಕೊಂಡೇ ಅವಳನ್ನು ಮೇಲಿಂದ ಕೆಳಗೆ ನೋಡಿದ. ಹೀಗೆಯೇ ಅವಳು ಎಲ್ಲರಿಗೂ ಅಕ್ಕ ಆದದ್ದು.

ಬಟಾಣಿ ಬೇಗ ಕಲಿತಳು. ಮೊದಮೊದಲು ತಪ್ಪಿದಾಗ ಅಕ್ಕ ಕಣ್ಣು ಬಿಟ್ಟಳು, ಒಂದೆರಡು ಸಲ ಗದರಿದಳು, ಒಮ್ಮೆ ಪಿತ್ತ ನೆತ್ತಿಗೇರಿ ಕೆನ್ನೆ ಹಿಂಡಿದಳು. ಆಮೇಲೆ ಹುಡುಗಿ ತಪ್ಪಲೇ ಇಲ್ಲ. ಬಾಗಿಲ ಬೆಲ್ಲು ಹೊಡೆದರೆ ಅತ್ತೆ, ದೊರೆಯ ಅಮ್ಮನ ಚಪ್ಪಲಿಯ ಸದ್ದು ಮೆಟ್ಟಿಲಿಳಿದರೆ ಅಮ್ಮ. ಮಕ್ಕಳ ಬುದ್ಧಿ ನೋಡಿ ಎಂದು ಅಕ್ಕ ಅದನ್ನು ಅಕ್ಕಪಕ್ಕದವರಿಗೆ ಹೇಳಿಕೊಂಡು ಬಂದಳು. ಈಗಲೇ ಮಗಳನ್ನು ಸೊಸೆ ಮಾಡಿಕೊಂಡೆಯಲ್ಲ, ನಾನು ಮಾವನೋ ಎಂದು ಗಂಡ ಮೊದಲು ತಮಾಷೆ ಮಾಡಿದ. ಒಂದು ದಿನ ಕೆಲಸ ಬೇಗ ಮುಗಿಸಿ ಮಧ್ಯಾಹ್ನ ಮನೆಗೆ ಬಂದವನು ಸ್ವಲ್ಪ ಹೊತ್ತು ಕೂತು ನೋಡಿದ. ಆಮೇಲೆ ತಮಾಷೆ ಮಾಡಲಿಲ್ಲ.

"ಇದು ಅತಿಯಾಯ್ತು ಕಣೇ," ಅಂದ.

"ಒಬ್ಬ ತಾಯಿ ಮೆಟ್ಟಿಲ ಮೇಲೆ ಕೂತು ಅಳೋದನ್ನ ನೀನು ನೋಡಿಲ್ಲ," ಅಂದಳು ಅವಳು.

ಅವನು ಎದ್ದು ಕೈಕಾಲು ತೊಳೆಯಲು ಹೋದ.

ಇನ್ನು ಆ ಭೇದವಿಲ್ಲದ ಮಾತು. ಭೇದ ಇತ್ತು, ತಿರುಗಾಮುರುಗಾ ಇತ್ತು ಅಷ್ಟೆ. ಬಾಳೆಹಣ್ಣು ಮುರಿದರೆ ದೊಡ್ಡ ತುಂಡು ದೊರೆಗೆ. ಇಬ್ಬರೂ ಒಟ್ಟಿಗೆ ಅತ್ತರೆ ಮೊದಲು ಎತ್ತಿಕೊಳ್ಳುವುದು ದೊರೆಯನ್ನು. ಅವನು ಒಪ್ಪಿಸಿದ ಮಗು, ಸಂಜೆ ಲೆಕ್ಕ ಒಪ್ಪಿಸಬೇಕು. ಇವಳು ನಮ್ಮದೇ ಕೂಸು, ಇವಳಿಗೆ ಸಂಜೆ ಮಾಡಿದರಾಯಿತು ಎಂದು ಅಕ್ಕನ ಲೆಕ್ಕಾಚಾರ. ಸಂಜೆ ಕತೆ ಹೇಳ್ತೀನಿ, ಸಂಜೆ ಎತ್ತಿಕೊಳ್ತೀನಿ, ಸಂಜೆ ನೋಡೋಣ. ಸಂಜೆಯಾದರೆ ಅಡುಗೆ, ಪಾತ್ರೆ, ಒಣಗಿದ ಬಟ್ಟೆಯ ರಾಶಿ. ಅಷ್ಟರಲ್ಲಿ ಬಟಾಣಿ ಸೋಫಾದ ಮೂಲೆಯಲ್ಲಿ ನಿದ್ದೆ ಹೋಗಿರುತ್ತಿದ್ದಳು. ಸಂಜೆ ಅನ್ನುವುದು ಎಷ್ಟು ಚಿಕ್ಕದು ಎಂದು ಅಕ್ಕ ಯಾವತ್ತೂ ಯೋಚಿಸಲಿಲ್ಲ.

ಗಾಡಿಯ ಮಾತು ಎದ್ದದ್ದು ಹೀಗೆ. ಮನೆಯಲ್ಲಿದ್ದದ್ದು ಒಂದು ಸೀಟಿನ ತಳ್ಳುಗಾಡಿ, ಬಟಾಣಿಯದ್ದೇ. ಈಗ ಅದರಲ್ಲಿ ಕೂರುವುದು ದೊರೆ, ಬಟಾಣಿ ಪಕ್ಕದಲ್ಲಿ ಹಿಡಿಕೆ ಹಿಡಿದು ನಡೆಯುವುದು. ಒಂದು ದಿನ ರಸ್ತೆ ದಾಟುವಾಗ ಹುಡುಗಿ ಹಿಡಿಕೆ ಬಿಟ್ಟು, ಯಾರೋ ಬೀಳಿಸಿಕೊಂಡ ಅಂಗಿಯ ಗುಂಡಿ ಹೆಕ್ಕಲು ಬಗ್ಗಿಬಿಟ್ಟಳು. ಕಾರಿನವನು ಬ್ರೇಕ್ ಹಾಕಿದ, ದೇವರು ದೊಡ್ಡವನು. ಸಂಜೆ ಅಕ್ಕ ಇದನ್ನು ಹೇಳಿದಳು. ಔಷಧಿ ಅಂಗಡಿಯಾಕೆ ಕೇಳಿ ಬಿಳಿಚಿಕೊಂಡಳು. ಎರಡು ಸೀಟಿನ ಗಾಡಿ ತಂದುಬಿಡೋಣ, ದುಡ್ಡಿನ ಚಿಂತೆ ನನಗಿರಲಿ, ಯಾವುದು ಸರಿಹೋಗುತ್ತದೆ ಎಂದು ತಳ್ಳುವ ನಿಮಗೇ ಗೊತ್ತು, ನೀವೇ ಆರಿಸಿ ಅಂದಳು. ಒಳ್ಳೆಯ ಹೆಂಗಸು. ಆಕೆಯ ಒಳ್ಳೆಯತನವೂ ಅಕ್ಕನಿಗೆ ಹೆಗಲ ಮೇಲಿನ ಹೊರೆಯೇ.

ಅಕ್ಕ ಅಳೆದೂ ಸುರಿದೂ ತಯಾರಾದಳು. ಒಂದು ದಾರ ತೆಗೆದುಕೊಂಡು ಲಿಫ್ಟಿನ ಬಾಗಿಲಿನ ಅಗಲಕ್ಕೆ ಒಂದು ಗಂಟು, ಕಟ್ಟಡದ ಗೇಟಿನ ಅಗಲಕ್ಕೆ ಇನ್ನೊಂದು ಗಂಟು ಹಾಕಿಕೊಂಡಳು. ದೊರೆಯನ್ನು ಹಳೆಯ ಗಾಡಿಯಲ್ಲಿ ಕೂರಿಸಿ, ಬಟಾಣಿಯ ಕೈಯನ್ನು ಹಿಡಿಕೆಯ ಮೇಲಿಟ್ಟು ಹೊರಟಳು. ಬಟಾಣಿ ಅವತ್ತು ಯಾಕೋ ಹಿಂದೆ ಬೀಳುತ್ತಿದ್ದಳು. ಕಾಲೆಳೆದುಕೊಂಡು ಬರುವುದನ್ನು ನೋಡಿ ಅಕ್ಕನಿಗೆ ರೇಗಿತು. ಬೇಗ ಬೇಗ ನಡಿ, ದೊರೆಗೆ ಬಿಸಿಲು ತಾಗುತ್ತೆ ಎಂದು ಗದರಿಸುತ್ತಲೇ ಬಂದಳು. ಹುಡುಗಿ ಬೇಗ ಬೇಗ ನಡೆದಳು.

ಮಕ್ಕಳ ಸಾಮಾನಿನ ಅಂಗಡಿ ದೊಡ್ಡದು. ಒಂದು ಗೋಡೆಯುದ್ದಕ್ಕೂ ಗಾಡಿಗಳು ಸಾಲಾಗಿ ನಿಂತಿದ್ದವು, ಎದುರಿನ ಗೋಡೆಯ ತುಂಬ ಕನ್ನಡಿ. ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿಕೊಂಡ ದಪ್ಪನೆಯ ಮನುಷ್ಯ. ಬನ್ನಿಮ್ಮಾ, ಏನು ತೋರಿಸಲಿ ಎಂದು ಎದ್ದು ಬಂದರು.

"ಅಮ್ಮಾ ಅನ್ಬೇಡಿ," ಅಂದಳು ಅಕ್ಕ ದನಿ ತಗ್ಗಿಸಿ. "ಈ ಮಗು ಕೇಳಿ ಕಲ್ತುಬಿಡುತ್ತೆ. ಅಕ್ಕ ಅನ್ನಿ ಸಾಕು."

ಅವರು ಕನ್ನಡಕ ಕೆಳಗಿಳಿಸಿ ಅವಳನ್ನು ಒಮ್ಮೆ ನೋಡಿದರು. ಗಿರಾಕಿ ಹೇಳಿದ ಮೇಲೆ ಮುಗಿಯಿತು, ಅವತ್ತು ತಮಗಿಂತ ಚಿಕ್ಕವಳಿಗೆ ಅವರು ಅಕ್ಕಾ ಅಂದರು.

ಎರಡು ಸೀಟಿನ ಗಾಡಿಯಲ್ಲಿ ಎರಡು ಜಾತಿ, ಅಂದರು ಅಂಗಡಿಯವರು. ಒಂದು ಅಕ್ಕಪಕ್ಕದ್ದು. ಇಬ್ಬರಿಗೂ ಸಮನಾದ ಸೀಟು, ಸಮನಾದ ನೆರಳು, ಇಬ್ಬರಿಗೂ ದಾರಿ ಕಾಣುತ್ತದೆ. ಆದರೆ ಅಗಲ, ಬಾಗಿಲು ಕಂಡಲ್ಲೆಲ್ಲ ಜಗಳ. ಒಂದು ಮಗು ಭಾರವಿದ್ದರೆ ಗಾಡಿ ಆ ಕಡೆಗೇ ಎಳೆಯುತ್ತದೆ. ಇನ್ನೊಂದು ಹಿಂದೆಮುಂದಿನದು. ಸಣ್ಣ ಮೈ, ಎಲ್ಲಿ ಬೇಕಾದರೂ ನುಸುಳುತ್ತದೆ. ಮುಂದಿನ ಸೀಟು ರಾಜನ ಸೀಟು, ಎತ್ತರ, ಬೇಕಾದರೆ ಪೂರ್ತಿ ಮಲಗಿಸಬಹುದು. ಹಿಂದಿನದು ಕೆಳಗೆ, ಕಾಲು ಚಾಚಲು ಜಾಗ ಕಮ್ಮಿ, ಅಲ್ಲಿ ಕೂತ ಮಗು ದಾರಿಯುದ್ದಕ್ಕೂ ಮುಂದಿನವರ ಬೆನ್ನನ್ನೇ ನೋಡಿಕೊಂಡು ಹೋಗಬೇಕು. ಇಷ್ಟನ್ನು ಅವರು ಯಾವುದೇ ಕಡೆಗೆ ವಾಲದೆ ಹೇಳಿದರು. ವ್ಯಾಪಾರಿ ಆದರೂ ನೇರ ಮನುಷ್ಯ.

ಮನೆ ಮೂರನೇ ಮಹಡಿ, ಲಿಫ್ಟಿಗೂ ಹಿಡಿಯಬೇಕು ಎನ್ನುತ್ತ ಅಕ್ಕ ದಾರ ತೆಗೆದಳು. ಅಕ್ಕಪಕ್ಕದ್ದು ಗೇಟಿನ ಗಂಟಿಗೆ ಸರಿಹೋಯಿತು, ಲಿಫ್ಟಿನ ಗಂಟನ್ನು ಅಂಗೈಯಷ್ಟು ದಾಟಿತು. ಹಿಂದೆಮುಂದಿನದು ಎರಡರಲ್ಲೂ ಸಲೀಸಾಗಿ ಕೂತಿತು. ಇನ್ನು ಮೀನಮೇಷ ಎಣಿಸುವುದೇನು, ಇದೇ ಸರಿ ಅಂದಳು. ಮಕ್ಕಳನ್ನು ಕೂರಿಸಿ ಒಮ್ಮೆ ತಳ್ಳಿ ನೋಡಿ ಅಂದರು ಅಂಗಡಿಯವರು.

ಅಕ್ಕ ದೊರೆಯ ಬೆಲ್ಟು ಬಿಚ್ಚುತ್ತಿದ್ದುದರಿಂದ, ಹತ್ತಿರವಿದ್ದ ಬಟಾಣಿಯನ್ನು ಅಂಗಡಿಯವರೇ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಕೂತವಳಿಗೆ ಎದುರಿನ ಕನ್ನಡಿ ಪೂರ್ತಿ ಕಂಡಿತು. ಅದರಲ್ಲಿ ತಾನು, ಎತ್ತರದ ಸೀಟು, ತಲೆಯ ಮೇಲೆ ನೀಲಿ ಛತ್ರಿ. ಎರಡೂ ಕೈಯನ್ನು ಪಕ್ಕದ ಕಂಬಿಗಳ ಮೇಲಿಟ್ಟು ನೆಟ್ಟಗೆ ಕೂತು, ಕನ್ನಡಿಯ ಹುಡುಗಿಗೆ ಟಾಟಾ ಮಾಡಿ ನಕ್ಕಳು. ಅಕ್ಕ ಆ ನಗು ನೋಡಿದಳು. ನೋಡಿಯೂ, ದೊರೆ ಕೈಚಾಚಿ ಕುಂಯ್ ಅಂದ ಕೂಡಲೇ, ಯೋಚನೆಯೇ ಇಲ್ಲದೆ ಮಗಳ ಕಂಕುಳಿಗೆ ಕೈಹಾಕಿ ಎತ್ತಿ ಕೆಳಗೆ ನಿಲ್ಲಿಸಿ, ದೊರೆಯನ್ನು ಆ ಸೀಟಿನಲ್ಲಿ ಕೂರಿಸಿದಳು. ಅಭ್ಯಾಸಬಲ. ಕೈ ತಾನಾಗಿಯೇ ಮಾಡಿತು.

ಬಟಾಣಿ ರಂಪ ಮಾಡಲಿಲ್ಲ. ಕನ್ನಡಿಯ ಕಡೆ ಇನ್ನೊಂದು ಸಲ ನೋಡಿ, ಗಾಡಿಯನ್ನು ಸುತ್ತಿ ಬಂದು, ಹಿಂದಿನ ಸೀಟಿಗೆ ತಾನೇ ಹತ್ತಿ, ಕಾಲು ಮುದುರಿಕೊಂಡಳು.

"ಅತ್ತೆ, ನಾನು ಇಲ್ಲೇ ಕೂರ್ತೀನಿ," ಅಂದಳು. "ದೊರೆಗೆ ಕಾಣ್ಬೇಕಲ್ಲ."

ಅಂಗಡಿಯವರಿಗೆ ಆಶ್ಚರ್ಯವೋ ಆಶ್ಚರ್ಯ. ಈ ಸಾಲಿನಲ್ಲಿ ಮುಂದಿನ ಸೀಟಿಗಾಗಿ ಕೂದಲು ಹಿಡಿದು ಜಗ್ಗಾಡಿದ ಅಣ್ಣತಮ್ಮಂದಿರನ್ನು ಅವರು ಬೇಕಾದಷ್ಟು ನೋಡಿದ್ದರು. ಮೊಣಕಾಲಿಗೆ ಕೈಕೊಟ್ಟು ಬಗ್ಗಿ ಹುಡುಗಿಯ ಮುಖ ನೋಡಿದರು.

"ಎಷ್ಟು ಜಾಣೆ ನೀನು. ನಿಮ್ಮಮ್ಮ ಎಲ್ಲಿ ಪುಟ್ಟಾ?"

ಬಟಾಣಿ ಅಕ್ಕನ ಮುಖ ನೋಡಿದಳು. ಆಮೇಲೆ ಮುಂದಿನ ಸೀಟಿನ ಬೆನ್ನಿನ ಆಚೆಯಿದ್ದ ದೊರೆಯ ಕಡೆ ಕತ್ತು ಚಾಚಿ ನೋಡಿದಳು. ಅಕ್ಕ ಬಾಯಿ ತೆರೆದಿದ್ದಳು, ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹುಡುಗಿಯೇ ಹೇಳಿದಳು.

"ಅಮ್ಮ ಸಂಜೆ ಬರ್ತಾಳೆ."

ಅದು ಅಕ್ಕನದೇ ಮಾತು. ದೊರೆ ಬಾಗಿಲ ಕಡೆ ನೋಡಿ ಅತ್ತಾಗಲೆಲ್ಲ ಅವನನ್ನು ಎದೆಗೊತ್ತಿಕೊಂಡು ಅವಳು ಹೇಳುವ ಮಾತು. ಅವನಿಗೆ ಹೇಳಿದ್ದನ್ನು ಇವಳೂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು, ತನಗೂ ಸೇರಿಸಿಯೇ ಹೇಳಿದ್ದೆಂದು ಇಟ್ಟುಕೊಂಡಿದ್ದಳು.

ಇಬ್ಬರ ತಾಯಂದಿರೂ ಕೆಲಸಕ್ಕೆ ಹೋಗ್ತಾರಾ, ಪಾಪ, ಈಗಿನ ಕಾಲವೇ ಹಾಗೆ, ನಿಮ್ಮಂಥವರು ಸಿಕ್ಕಿದ್ದು ಅವರ ಪುಣ್ಯ, ಅಂದರು ಅಂಗಡಿಯವರು.

"ಹೂಂ," ಅಂದಳು ಅಕ್ಕ.

ಆ ಹೂಂ ಅವಳ ಗಂಟಲಿನಿಂದ ಹೇಗೆ ಹೊರಬಿತ್ತೋ ಅವಳಿಗೇ ತಿಳಿಯದು. ದೊರೆ ಎದುರಿಗಿದ್ದ ಅನ್ನುವುದು ಒಂದು ನೆಪ. ನಿಜ ಹೇಳಬೇಕೆಂದರೆ, ಇವಳು ನನ್ನ ಮಗಳು ಅಂದುಬಿಟ್ಟರೆ, ಹಾಗಾದರೆ ನಿಮ್ಮನ್ನು ಅತ್ತೆ ಅನ್ನುತ್ತಾಳಲ್ಲ ಯಾಕೆ ಎಂದು ಆ ನೇರ ಮನುಷ್ಯ ಕೇಳುತ್ತಿದ್ದರು, ಅದಕ್ಕೆ ಉತ್ತರ ಕೊಡುವ ಮುಖ ಅವಳಿಗಿರಲಿಲ್ಲ. ಇಷ್ಟು ದಿನ ಹತ್ತಾರು ಜನರ ಮುಂದೆ ಜಂಭದಿಂದ ಹೇಳಿಕೊಂಡ ಕತೆ ಅದು. ಈಗ ಬಾಯಿಗೆ ಬರಲಿಲ್ಲ. ಹೆತ್ತ ಮಗಳನ್ನು ಕಣ್ಣೆದುರಿಗೇ ಕೂರಿಸಿಕೊಂಡು ನನ್ನದಲ್ಲ ಅಂದಿದ್ದಳು. ಬಟಾಣಿ ಮಾತ್ರ ಅವಳನ್ನು ನೋಡಿ ಮುಗುಳ್ನಕ್ಕಳು, ಪರೀಕ್ಷೆಯಲ್ಲಿ ಇಬ್ಬರೂ ಪಾಸಾದ ಹಾಗೆ. ಆ ನಗುವನ್ನು ನೋಡಲಾರದೆ ಅಕ್ಕ ಗಾಡಿಯ ಚಕ್ರ ನೋಡಿದಳು.

"ಅಕ್ಕಪಕ್ಕದ್ದೇ ಕೊಡಿ," ಅಂದಳು.

ಅಂಗಡಿಯವರು ಅವಳ ಕೈಯಲ್ಲಿದ್ದ ದಾರ ನೋಡಿದರು. ಲಿಫ್ಟಿಗೆ ಹಿಡಿಯುವುದಿಲ್ಲವಲ್ಲ ಅಕ್ಕಾ, ನೀವೇ ಅಳೆದಿರಿ ಅಂದರು. ಮೂರು ಮಹಡಿ, ಎರಡು ಮಗು, ದಿನಾ ಹೇಗೆ ಎಂದೂ ಕೇಳಿದರು. ಮೆಟ್ಟಿಲ ಕೆಳಗೆ ಇಟ್ಟು ಬೀಗ ಹಾಕಿಕೊಳ್ಳುತ್ತೇನೆ, ಮಕ್ಕಳನ್ನು ಎತ್ತಿಕೊಂಡು ಲಿಫ್ಟು ಹತ್ತುತ್ತೇನೆ, ಕೊಡಿ ಎಂದು ದಾರವನ್ನು ಉಂಡೆ ಮಾಡಿ ಚೀಲಕ್ಕೆ ತುರುಕಿದಳು. ಅಗಲದ ಗಾಡಿ ಕೊಂಡುಬಿಟ್ಟರೆ ಆ ಹೂಂ ಅಳಿಸಿಹೋಗುತ್ತದೆಯೇ? ಹೋಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಆ ಹಿಂದಿನ ಸೀಟಿಗೆ ಮಗಳನ್ನು ಇನ್ನೊಂದು ಸಲ ಹತ್ತಿಸುವುದು ಅವಳಿಂದಾಗುತ್ತಿರಲಿಲ್ಲ. ಹಳೆಯ ಗಾಡಿಯನ್ನು ಅಲ್ಲೇ ಬಿಟ್ಟು, ಗಂಡ ಬಂದು ಒಯ್ಯುತ್ತಾನೆ ಎಂದು ಹೇಳಿ, ಇಬ್ಬರನ್ನೂ ಹೊಸದರಲ್ಲಿ ಕೂರಿಸಿಕೊಂಡು ಹೊರಬಿದ್ದಳು.

ದಾರಿಯಲ್ಲಿ ಮಕ್ಕಳಿಬ್ಬರೂ ಹಬ್ಬದ ಖುಷಿಯಲ್ಲಿದ್ದರು. ಬಟಾಣಿ ನಾಯಿ ತೋರಿಸಿದಳು, ಬಸ್ಸು ತೋರಿಸಿದಳು, ದೊರೆ ಎಲ್ಲಕ್ಕೂ ಓ ಅಂದ. ಬಟಾಣಿ ಭಾರವಿದ್ದಳಲ್ಲ, ಗಾಡಿ ಅವಳ ಕಡೆಗೇ ಎಳೆಯುತ್ತಿತ್ತು. ಅಕ್ಕ ಮೈಯೆಲ್ಲ ಬಲ ಹಾಕಿ ನೇರ ಮಾಡುತ್ತ ತಳ್ಳಿದಳು. ಶಾಲೆಯ ಉದ್ದನೆಯ ಗೋಡೆಯ ಪಕ್ಕ ಕಾಲುದಾರಿ ಅಗಲವಾಗಿ, ಜನರಿಲ್ಲದೆ ಇತ್ತು. ಅಲ್ಲಿ ಅವಳಿಗೆ ಇನ್ನು ತಡೆಯಲಾಗಲಿಲ್ಲ. ಗಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ಮುಂದೆ ಬಂದು ಮಗಳೆದುರು ಕುಕ್ಕರಗಾಲಲ್ಲಿ ಕೂತಳು.

"ಬಟಾಣಿ, ನಾನು ಯಾರು?"

ಹುಡುಗಿ ಪಕ್ಕಕ್ಕೆ ನೋಡಿದಳು. ದೊರೆ ಎಚ್ಚರವಾಗಿದ್ದ, ಬೆರಳು ಚೀಪುತ್ತ ಇಬ್ಬರನ್ನೂ ನೋಡುತ್ತಿದ್ದ.

"ಅತ್ತೆ."

"ಅಲ್ಲ ಕಂದಾ. ನಿಜವಾಗಿ ಯಾರು?"

ಬಟಾಣಿ ಬೆಲ್ಟು ಎಳೆಯುವಷ್ಟು ಮುಂದಕ್ಕೆ ಬಗ್ಗಿ ಅವಳ ಕಿವಿಯ ಹತ್ತಿರ ಬಂದಳು.

"ದೊರೆ ನೋಡ್ತಿದಾನೆ," ಎಂದು ಪಿಸುಗುಟ್ಟಿದಳು. "ಅವನು ಮಲಗ್ಲಿ. ಆಮೇಲೆ ಹೇಳ್ತೀನಿ."

ಅಕ್ಕ ಎದ್ದು ಮತ್ತೆ ಗಾಡಿ ತಳ್ಳಿದಳು. ಬೇರೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಆ ಗೋಡೆಯುದ್ದಕ್ಕೂ ಹೋಗುವುದು, ತಿರುಗಿಸಿಕೊಂಡು ಬರುವುದು, ಮತ್ತೆ ಹೋಗುವುದು. ತನ್ನ ಮಗಳ ಬಾಯಿಂದ ಒಂದು ಮಾತು ಕೇಳುವುದಕ್ಕಾಗಿ ಇನ್ನೊಬ್ಬರ ಮಗುವಿಗೆ ನಿದ್ದೆ ಬರಲಿ ಎಂದು ಕಾಯುವ ಗತಿ ಬಂತಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು. ಹೊಸ ಗಾಡಿಯ ತೂಗಾಟಕ್ಕೆ ದೊರೆಯ ಕಣ್ಣು ಎಳೆಯತೊಡಗಿ, ಕತ್ತು ಪಕ್ಕಕ್ಕೆ ವಾಲಿ, ಚೀಪುತ್ತಿದ್ದ ಬೆರಳು ಬಾಯಿಂದ ಜಾರಿತು.

ಬಟಾಣಿ ಅವನ ಮುಖದ ಹತ್ತಿರ ಮುಖ ತಂದು ಪರೀಕ್ಷಿಸಿದಳು. ಖಾತ್ರಿ ಮಾಡಿಕೊಂಡಳು. ಆಮೇಲೆ ಹಿಂದಕ್ಕೆ ತಿರುಗಿ, ಇಡೀ ದಿನ ಹಿಡಿದಿಟ್ಟುಕೊಂಡಿದ್ದ ಅಳುವನ್ನೆಲ್ಲ ಒಟ್ಟಿಗೆ ಬಿಟ್ಟಳು.

"ಅಮ್ಮಾ. ಕಾಲು ನೋಯ್ತಿದೆ."

ಅಕ್ಕ ಓಡಿ ಮುಂದೆ ಬಂದು ಬೆಲ್ಟು ಬಿಚ್ಚಿದಳು. ಅಲ್ಲೇ ನೆಲದ ಮೇಲೆ ಕೂತು ಮಗಳ ಕಾಲನ್ನು ಮಡಿಲಲ್ಲಿಟ್ಟುಕೊಂಡು ಬೂಟು ಎಳೆದಳು. ಬೂಟಿನ ಒಳಗಿನ ಬಟ್ಟೆ ಹರಿದು ಹಿಮ್ಮಡಿಯ ಹತ್ತಿರ ಮುದ್ದೆಯಾಗಿ ಸೇರಿಕೊಂಡಿತ್ತು. ಕಾಲುಚೀಲ ಅಂಟಿಕೊಂಡಿತ್ತು, ಮೆಲ್ಲಗೆ ಬಿಡಿಸಬೇಕಾಯಿತು. ಹಿಮ್ಮಡಿಯ ಚರ್ಮ ಸುಲಿದು ಕೆಂಪಗೆ ಒಸರುತ್ತಿತ್ತು. ಈ ಕಾಲಿನಲ್ಲಿ ಮನೆಯಿಂದ ಅಂಗಡಿಯವರೆಗೆ ನಡೆದಿದ್ದಳು. ಬೇಗ ಬೇಗ ಅಂದಾಗ ಬೇಗ ಬೇಗ ನಡೆದಿದ್ದಳು.

"ಯಾವಾಗಿಂದ ನೋಯ್ತಿದೆ?"

"ಬೆಳಿಗ್ಗೆಯಿಂದ."

"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ ಕಂದಾ?"

ಇದೆಂಥ ಪ್ರಶ್ನೆ ಅನ್ನುವಂತೆ ಬಟಾಣಿ ಅವಳ ಮುಖ ನೋಡಿದಳು. ಕಣ್ಣೀರು ಇನ್ನೂ ಗಲ್ಲದ ಮೇಲೆಯೇ ಇತ್ತು.

"ನೀನು ಇನ್ನೂ ಬಂದಿರ್ಲಿಲ್ವಲ್ಲ."

ಅಕ್ಕ ಅತ್ತಳು. ಮಗಳ ಕಾಲು ಹಿಡಿದುಕೊಂಡು, ಯಾರು ನೋಡಿದರೂ ನೋಡಲಿ ಎಂದು ಗಟ್ಟಿಯಾಗಿ ಅತ್ತಳು. ಹಗಲೆಲ್ಲ ಪಕ್ಕದಲ್ಲೇ ಇದ್ದು, ಉಣ್ಣಿಸಿ, ತೊಳೆದು, ಮಲಗಿಸಿಯೂ ತಾನು ಬಂದಿರಲೇ ಇಲ್ಲ. ಕೂಸು ನೋವು ನುಂಗಿಕೊಂಡು ಅಮ್ಮನಿಗಾಗಿ ಕಾದಿತ್ತು. ಇವತ್ತು ಸಂಜೆಯೇ ಔಷಧಿ ಅಂಗಡಿಯಾಕೆಗೆ ಹೇಳಿಬಿಡುವುದು ಎಂದು ಅವಳು ನಿಶ್ಚಯಿಸಿದಳು. ಕಾನೂನು ಗೀನೂನು ಇನ್ನಿಲ್ಲ, ನಿಮ್ಮ ಮಗ ನನ್ನನ್ನು ಅಮ್ಮ ಅಂದರೆ ಅನ್ನಲಿ, ನೀವು ಮೆಟ್ಟಿಲ ಮೇಲೆ ಕೂತು ಅಳುವಿರಾದರೆ ನಾನೂ ಪಕ್ಕದಲ್ಲಿ ಕೂತು ಅಳುತ್ತೇನೆ, ಬೇರೆಯವರನ್ನು ನೋಡಿಕೊಳ್ಳಿ ಅಂದರೂ ಸರಿ. ಆ ಹೆಂಗಸಿಗೆ ಎಷ್ಟು ನೋವಾದೀತು ಎಂಬುದು ಗೊತ್ತಿದ್ದೇ ನಿಶ್ಚಯಿಸಿದಳು.

ಅವಳ ಅಳುವಿಗೆ ದೊರೆಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು, ನೆಲದ ಮೇಲೆ ಕೂತ ಅವಳನ್ನು ನೋಡಿ, "ಅತ್ತೆ" ಅಂದ. ಬಟಾಣಿಯ ಅಳು ತಟ್ಟನೆ ನಿಂತಿತು.

ಅಕ್ಕ ಕಣ್ಣೊರೆಸಿಕೊಂಡು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಅಮ್ಮ ಅನ್ನು ಬಟಾಣಿ. ಜೋರಾಗಿ ಅನ್ನು. ದೊರೆ ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಲಿ, ಪರವಾಗಿಲ್ಲ."

ಬಟಾಣಿ ದೊರೆಯನ್ನು ನೋಡಿದಳು, ಅವಳನ್ನು ನೋಡಿದಳು. ಆಮೇಲೆ ತನ್ನ ಪುಟ್ಟ ಅಂಗೈಯನ್ನು ಅವಳ ಬಾಯಿಗೆ ಅಡ್ಡ ಹಿಡಿದಳು.

"ಶ್... ಅತ್ತೆ ಬೈತಾಳೆ," ಅಂದಳು.

ಅಷ್ಟು ಹೇಳಿ, ಸುಲಿದ ಕಾಲನ್ನು ಮಡಿಲಿನಿಂದ ತಾನೇ ಎಳೆದುಕೊಂಡು, ಬೂಟು ಕೊಡು ಎಂದು ಕೈ ಚಾಚಿದಳು.